ಬಿದಿರಿನ ನಾರು

"ಲೆನ್ಸಿಗೆ ಬೂಸು ಹತ್ತೈತಿ ಬೇಟಾ. ಗುಜರಿ ಮಾಲು, ಮತ್ತೇನು," ಎನ್ನುತ್ತ ಬಾಬಾಜಾನ ಮೈಕ್ರೋಸ್ಕೋಪಿನ ಕಣ್ಣುಗಾಜನ್ನು ಮೆತ್ತನೆಯ ಬಟ್ಟೆಯಿಂದ ಮತ್ತೆ ತಿಕ್ಕಿದ. ಬೆಳಗಿನಿಂದ ಇದು ಐದನೇ ಸಲ. ಹೀಗೇ ತಿಕ್ಕಿದರೆ ಗಾಜೇ ಸವೆದು ಹೋದೀತೆಂದು ಮಗಳು ಮಹೆಜಬೀನಳಿಗೆ ನಗು ಬಂತು.

ದಾಂಡೇಲಿಯ ಕಾಗದ ಕಾರ್ಖಾನೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಅವನದು ಒಂದೇ ಕೆಲಸ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಕೊಳವೆಗೆ ಹಚ್ಚಿ, ನಾರು ಬಿದಿರಿನದೋ ನೀಲಗಿರಿಯದೋ ಹೇಳುವುದು. ಅವನು ಹೇಳಿದ ಮೇಲೆ ಸಾಹೇಬರೂ ಬಗ್ಗಿ ನೋಡುತ್ತಿರಲಿಲ್ಲ. ನಿವೃತ್ತನಾಗಿ ಎರಡು ವರ್ಷ ಮನೆಯಲ್ಲಿ ಮುದುಡಿ ಕೂತವನನ್ನು ಈಗ ಹಳಿಯಾಳದ ಸುಭಾಸ ತನ್ನ ಕೈಕಾಗದದ ಸಣ್ಣ ಘಟಕಕ್ಕೆ ಕರೆದಿದ್ದ. ಸೋಮವಾರದಿಂದ ಕೆಲಸ, ನಾರಿನ ಫೋಟೋಗಳೂ ಬೇಕು. ಆ ಸುದ್ದಿ ಬಂದ ದಿನ ಬಾಬಾಜಾನ ಎರಡು ತಾಟು ಅನ್ನ ಉಂಡಿದ್ದ.

ಫೋಟೋದ ಹೊಣೆ ಮಹೆಜಬೀನಳದು. ಬಂಗೂರನಗರದ ಕಾಲೇಜಿನಲ್ಲಿ ಬಿಎಸ್ಸಿ ಓದುವವಳು. ಮೈಕ್ರೋಸ್ಕೋಪಿನ ಕ್ಯಾಮೆರಾ ಕೊಳ್ಳುವ ಮಾತು ದೂರ. ನೀರಿನ ಪೈಪಿನ ತುಂಡನ್ನು ಕಣ್ಣುಗಾಜಿಗೆ ಬಿಗಿಯಾಗಿ ಕೂರುವಂತೆ ಕತ್ತರಿಸಿ, ಅದರ ಬಾಯಿಗೆ ಮೊಬೈಲಿನ ಹಳೇ ಕವರು ಅಂಟಿಸಿದ್ದಳು. ಬೆಳಕಿಗೆ ಕೆಳಗೊಂದು ಟಾರ್ಚು, ಅದರ ಮೇಲೆ ಬೆಣ್ಣೆ ಕಾಗದ.

"ಮೊದಲ ನೀವು ನೋಡ್ರಿ ಅಬ್ಬಾ."

ಬಾಬಾಜಾನ ಎಂದಿನಂತೆ ಎಡಗಣ್ಣು ಮುಚ್ಚಿ ಬಗ್ಗಿದ. ಬಹಳ ಹೊತ್ತು ತಿರುಪು ತಿರುಗಿಸಿದ. "ನೀಲಗಿರಿ," ಎಂದ, ಲ್ಯಾಬಿನ ಅದೇ ಗತ್ತಿನಲ್ಲಿ. "ಬರ್ಕೋ."

ಅವಳು ಪುಸ್ತಕದಲ್ಲಿ ಬರೆದುಕೊಂಡು, ಪೈಪನ್ನು ಕಣ್ಣುಗಾಜಿಗೆ ಕೂರಿಸಿದಳು. ಬೆರಳು ತಾಗಿದರೆ ಚಿತ್ರ ಅಲುಗುತ್ತದೆಂದು ಮೊಬೈಲಿಗೆ ಮೂರು ಸೆಕೆಂಡಿನ ಟೈಮರ್ ಇಟ್ಟು ಫೋಟೋ ತೆಗೆದಳು. ಎಷ್ಟು ನಿಚ್ಚಳವಾಗಿ ಬಂತೆಂದರೆ, ಖುಷಿಯಲ್ಲಿ ಸರಿಯಾಗಿ ನೋಡದೆಯೇ ಅಪ್ಪನ ಮುಂದೆ ಹಿಡಿದಳು.

ಅವನು ಎರಡೂ ಕಣ್ಣು ತೆರೆದು ನೋಡಿದ. ಉದ್ದುದ್ದ ಸಪೂರ ಎಳೆಗಳು, ತುದಿ ಚೂಪು.

"ಬಿದಿರು," ಎಂದುಬಿಟ್ಟ.

ಪುಸ್ತಕದಲ್ಲಿ ಅವಳು ಬರೆದುಕೊಂಡದ್ದು ನೀಲಗಿರಿ.

"ಸ್ಲೈಡ್ ಬದ್ಲಿ ಮಾಡೀಯೇನು?"

"ಇಲ್ರಿ ಅಬ್ಬಾ. ಅದ ಐತಿ."

ಈಗ ಮಹೆಜಬೀನ ಫೋಟೋವನ್ನು ಸರಿಯಾಗಿ ನೋಡಿದಳು. ಗಾಜಿಗೆ ಬೂಸು ಹತ್ತಿದ್ದರೆ ಫೋಟೋ ಕೂಡ ಮಸುಕಾಗಬೇಕಿತ್ತು. ಸ್ಲೈಡ್ ಬದಲಿಸಿದೆನೆಂದು ಸುಳ್ಳಾದರೂ ಹೇಳಬಾರದಿತ್ತೇ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಬಾಬಾಜಾನ ಸ್ಟೂಲಿನಲ್ಲೇ ಅವಳತ್ತ ತಿರುಗಿದ. ಅಂಗೈ ಎತ್ತಿ ನಿಧಾನವಾಗಿ ಎಡಗಣ್ಣು ಮುಚ್ಚಿಕೊಂಡು, ಬಲಗಣ್ಣೊಂದನ್ನೇ ಅವಳತ್ತ ನೆಟ್ಟ. ಅಪ್ಪನಿಗೆ ತನ್ನ ಅಳುಮೋರೆ ಕಾಣಬಾರದೆಂದು ಅವಳು ಕಷ್ಟಪಟ್ಟು ನಕ್ಕಳು, ನಗುತ್ತಲೇ ನಿಂತಳು.

"ಅಲ್ಲೇ ಅದೀಯೇನ ಬೇಟಾ?" ಎಂದು ಅವನು ಕೇಳಿದ.