ತೊಟ್ಟಿಲಿನ ಹಳದಿ ಅರಗು

ತೊಟ್ಟಿಲು ಖಾಲಿಯಾಗಿ ಹೊಸ್ತಿಲು ದಾಟಬಾರದು, ಮೊದಲು ಅದರಲ್ಲೊಂದು ಕೂಸು ಮಲಗಿ ಏಳಬೇಕು ಎಂಬುದು ನೇಸರಗಿಯ ಜಟ್ಟೆಪ್ಪನ ಮನೆಯ ಪದ್ಧತಿ. ಜಟ್ಟೆಪ್ಪ ಬಣ್ಣದ ತೊಟ್ಟಿಲು ಮಾಡುವವನು. ಗರಗರ ತಿರುಗುವ ಕಟ್ಟಿಗೆಗೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಕಾವಿಗೇ ಅರಗು ಕರಗಿ ಬಣ್ಣ ಮೆತ್ತಿಕೊಳ್ಳುತ್ತದೆ. ಕಡ್ಡಿ ಮಾಡುವುದು ಹೆಂಡತಿ ಸಾವಂತ್ರೆವ್ವನ ಪಾಲಿನ ಕೆಲಸ. ಕೆಂಡದ ಮುಂದೆ ಕೂತು, ಅರಗಿಗೆ ಬಣ್ಣ ಕೂಡಿಸಿ, ಎಳೆದೆಳೆದು ನಾದಬೇಕು.

ಅಂದು, ಮರುದಿನ ಕಿತ್ತೂರಿಗೆ ಹೋಗಬೇಕಿದ್ದ ತೊಟ್ಟಿಲಿನಲ್ಲಿ ಅವಳು ತನ್ನ ಕೂಸು ಮಾಯಿಯನ್ನೇ ಮಲಗಿಸಿ, ಭಾಂಡೆ ತಿಕ್ಕಲು ಹಿತ್ತಲಿಗೆ ಹೋದಳು. ಬಂದು ನೋಡಿದರೆ ಕೂಸು ಎದ್ದು ಕೂತು, ಹೊಸ ಹಲ್ಲುಗಳಿಂದ ತೊಟ್ಟಿಲಿನ ಅಂಚನ್ನು ಕೆರೆಯುತ್ತಿತ್ತು. ತುಟಿಯ ಮೇಲೆಲ್ಲ ಹಳದಿ ಚೂರು.

ಅದು ಅರಗಿನ ಸ್ವಂತ ಕೆಂಪು ಬಣ್ಣವಾಗಿದ್ದರೆ ಗದರಿಸಿ ಬಾಯಿ ಒರೆಸುತ್ತಿದ್ದಳು. ಅರಗೆಂದರೆ ಗಿಡದ ಟೊಂಗೆಗೆ ಹತ್ತಿದ ಹುಳ ಸುರಿಸಿದ ಅಂಟು, ಅದಕ್ಕೆ ಆ ಮನೆಯಲ್ಲಿ ಯಾರೂ ಹೆದರುತ್ತಿರಲಿಲ್ಲ. ಆದರೆ ಹಳದಿಗೆ ಕೂಡಿಸುವುದು ಹರಿತಾಳ, ಪಾಷಾಣದ ಜಾತಿಯ ವಿಷದ ಕಲ್ಲು. ಅದನ್ನು ಮುಟ್ಟಿ ಮೊಣಕೈತನಕ ತೊಳೆಯದೆ ಅವಳು ರೊಟ್ಟಿಯ ಹಿಟ್ಟಿಗೆ ಕೈ ಹಾಕಿದವಳಲ್ಲ.

ಬಾಯಲ್ಲಿ ಬೆರಳಾಡಿಸಿ ಸಿಕ್ಕಷ್ಟು ತೆಗೆದಳು. ಮಾಯಿ ಬೆರಳು ಕಚ್ಚಿ ನಕ್ಕಿತು. ಅಂಚಿನ ಮೇಲೆ ಬಣ್ಣ ಎದ್ದ ಜಾಗ ದೊಡ್ಡದಿತ್ತು, ಅಂಗೈಯಲ್ಲಿದ್ದ ಚೂರು ಅದಕ್ಕೆ ಸಾಲದು. ಉಳಿದದ್ದು ಹೊಟ್ಟೆಗೆ ಹೋಗಿತ್ತು.

“ಉಪ್ಪಿನ ನೀರು ಕುಡಿಸಿ ವಾಂತಿ ಮಾಡಸ!” ಎಂದು ಅತ್ತೆ ರಾಯವ್ವ ಓಡಿ ಬಂದಳು.

“ಬ್ಯಾಡ ಬೇ ಯವ್ವಾ, ಕೂಸಿಗೆ ನೆತ್ತಿಗೇರೀತು,” ಎಂದ ಜಟ್ಟೆಪ್ಪ. “ಬೈಲಹೊಂಗಲದ ದವಾಖಾನಿಗೆ ಹೋಗೂಣು, ನಡಿ.”

ಬಸ್ಸಿನಲ್ಲಿ ಪಕ್ಕದ ಹೆಂಗಸು, “ಏನವಾ, ಆಗಿಂದ ಕೂಸಿನ ಬಾಯಾಗ ಇಣಿಕಿ ನೋಡಾಕ ಹತ್ತೀದಿ, ಹಲ್ಲ ಖರೀದಿ ಮಾಡಾಕಿ ಏನು?” ಎಂದಳು. ಸಾವಂತ್ರೆವ್ವನಿಗೆ ನಗು ಬರಲಿಲ್ಲ. ಮಾಯಿ ಆಕಳಿಸಿದಾಗ ಮತ್ತೆ ಬಗ್ಗಿ ನೋಡಿದಳು.

ಡಾಕ್ಟರು ಕೂಸಿನ ಹೊಟ್ಟೆ ಒತ್ತಿ, ನಾಲಿಗೆ ನೋಡಿದರು. “ಅರಗು ಹೊಟ್ಟ್ಯಾಗಿನ ಹುಳಿ ರಸಕ್ಕ ಕರಗೂದಿಲ್ಲವಾ. ಅದಕ್ಕಽ ಕೆಲವು ಗುಳಿಗಿ ಮ್ಯಾಲೆ ಅದನ್ನ ಬಳೀತಾರ.”

“ಹಂಗಾರ ಚಿಂತಿ ಇಲ್ಲೇನ್ರಿ?”

ಅವರು ಕೂಸಿನ ಹೊಟ್ಟೆಯನ್ನು ಮತ್ತೊಮ್ಮೆ ಒತ್ತಿ ನೋಡಿದರು. “ಮುಂದ ಕರುಳಿನ್ಯಾಗ ಕರಗಬಹುದು. ಅಷ್ಟರಾಗ ಹೊರಗ ಬಂದ್ರ ಚಲೋ. ಸಂಜೀತನಕ ಇಲ್ಲೇ ಕುಂದರ್ರಿ. ವಾಂತಿ, ಭೇದಿ ಆದ್ರ ಕೂಗ್ರಿ.”

ದವಾಖಾನೆಯ ಕಟ್ಟೆಯ ಮೇಲೆ ಕೂತಾಗ ಅವಳಿಗೆ ಆ ಹಳದಿ ಕಡ್ಡಿ ನಾದಿದ ದಿನ ನೆನಪಾಯಿತು. ಚೆನ್ನಾಗಿ ನಾದಿದರೆ ಹರಿತಾಳದ ಕಣಕಣವನ್ನೂ ಅರಗು ಒಳಗೆ ಮುಚ್ಚಿಕೊಳ್ಳುತ್ತದೆ. ಅವತ್ತು ಮಾಯಿ ಅಳುತ್ತಿತ್ತು. ನಾದಿದ್ದು ಸಾಕೆಂದು ನಡುವೆಯೇ ಎದ್ದಿದ್ದಳೇ?

“ಹದಾ ಬಂದಿತ್ತಲ್ರಿ, ಆ ಕಡ್ಡಿ?” ಎಂದು ಗಂಡನನ್ನು ಕೇಳಿದಳು.

“ಬಂದಿತ್ತು,” ಎಂದ ಅವನು. ಅವಳ ಮುಖ ಮಾತ್ರ ನೋಡಲಿಲ್ಲ.

ವಾಂತಿ, ಭೇದಿ ಏನೂ ಆಗದ್ದರಿಂದ ಸಂಜೆ ಊರಿಗೆ ಬಂದರು. ರಾತ್ರಿಯೆಲ್ಲ ಅವಳು ಮಾಯಿಯ ಮೂಗಿನ ಹತ್ತಿರ ಕೈ ಹಿಡಿದೇ ಇದ್ದಳು. ಬೆಳಿಗ್ಗೆ ಕೂಸು ಹೊಲಸು ಮಾಡಿದ ಬಟ್ಟೆಯನ್ನು ಬಿಸಿಲಿಗೆ ಒಯ್ದು ನೀರು ಹೊಯ್ದು ನೋಡಿದರೆ ಹಳದಿ ಚೂರುಗಳು! ಮೂಲೆ ಮೊಂಡಾಗದೆ, ಹೊಳಪು ಮಾಸದೆ, ಹೋದ ಹಾಗೇ ಬಂದಿದ್ದವು. ಸಾವಂತ್ರೆವ್ವ ಬಚ್ಚಲ ಕಲ್ಲಿನ ಮೇಲೆ ಕುಸಿದು ಕೂತು ಬಿಕ್ಕಿದಳು. ಒಳಗೆ ಮಾಯಿ ಹಸಿದು ಗಂಟಲು ಹರಿಯುವಂತೆ ಕೂಗುತ್ತಿತ್ತು. ಆ ಕೂಗು ಕೇಳಿ ಅವಳು ಮತ್ತಷ್ಟು ಅತ್ತಳು.

ಎದೆಗೆ ಹಾಕಿಕೊಂಡು ಕುಡಿಸಿ, ಕೂಸನ್ನು ಅತ್ತೆಯ ಕೈಗೆ ಕೊಟ್ಟು, “ಓಣ್ಯಾಗ ಕರಕೊಂಡು ಹೋಗ್ರಿ,” ಎಂದಳು. ಸ್ಪಿರಿಟ್ಟಿನ ಬಾಟಲಿ ಇಳಿಸಿ, ಅರಿವೆ ತೋಯಿಸಿ ತೊಟ್ಟಿಲಿನ ಹಳದಿಯನ್ನು ತಿಕ್ಕತೊಡಗಿದಳು. ನೀರಿಗೆ ಜಗ್ಗದ ಅರಗು ಸ್ಪಿರಿಟ್ಟಿಗೆ ಕರಗಿ ಅರಿವೆಗೆ ಇಳಿಯಿತು.

ಜಟ್ಟೆಪ್ಪ ಬಾಗಿಲಲ್ಲಿ ನಿಂತ. “ಹುಚ್ಚ ಹಿಡೀತೇನ? ಇವತ್ತ ಒಯ್ಯಾಕ ಬರತಾರ. ಬೋಳು ತೊಟ್ಟಿಲಾ ಯಾರು ತಗೋತಾರ?”

“ತಗೊಳ್ಳದಿದ್ರ ಬಿಡ್ಲಿ. ಕಿತ್ತೂರಿನ ಕೂಸಿಗೂ ಹಲ್ಲು ಬರತಾವ್ರಿ.”

ಅವಳು ಅರಿವೆಯನ್ನು ಮತ್ತೆ ತೋಯಿಸಿದಳು. ಜಟ್ಟೆಪ್ಪ ಇನ್ನೊಂದು ಅರಿವೆ ಹರಿದುಕೊಂಡು ತೊಟ್ಟಿಲಿನ ಆಚೆ ಬದಿಗೆ ಕೂತ.