ತಣ್ಣನೆಯ ಜೆಲ್

ನಾನು ಒಂದು ಅಲ್ಟ್ರಾಸೌಂಡ್ ಪ್ರೋಬ್. ಮೈಸಾಬೂನಿನಷ್ಟು ಗಾತ್ರ, ಬಿಳಿಯ ಮೈ, ಬೂದು ರಬ್ಬರಿನ ಮುಖ, ಹಿಂದೆ ಬಾಲದಂತೆ ಉದ್ದನೆಯ ವೈರು. ಕಾರ್ಖಾನೆಯವರು ನನ್ನೊಳಗೆ ಪುಟ್ಟ ಪುಟ್ಟ ಹರಳುಗಳನ್ನು ಜೋಡಿಸಿ, ಮನುಷ್ಯರ ಕಿವಿಗೆ ಕೇಳದ ದನಿಯೊಂದನ್ನು ಕೊಟ್ಟರು. ನನ್ನ ಕುಲದವರು ಹೆಚ್ಚಾಗಿ ನೋಡುವ ಕೆಲಸ ಮಾಡುತ್ತಾರೆ. ಬಸುರಿಯ ಹೊಟ್ಟೆಯಲ್ಲಿನ ಕೂಸನ್ನೋ ಮೂತ್ರಪಿಂಡದಲ್ಲಿನ ಕಲ್ಲನ್ನೋ ಪರದೆಯ ಮೇಲೆ ತೋರಿಸುತ್ತಾರೆ. ನನಗೆ ಆ ಕೆಲಸವಿರಲಿಲ್ಲ. ಉರಿಯುತ್ತಿರುವ ದೇಹಕ್ಕೆ ಸಮಾಧಾನ ಹೇಳಿದರೆ ಅದು ಕೇಳುತ್ತದೆಯೋ ಇಲ್ಲವೋ ಎಂದು ನೋಡಲು ನನ್ನನ್ನು ಮಾಡಿದ್ದರು.

ನನ್ನ ಪೆಟ್ಟಿಗೆಯಲ್ಲೇ ನನ್ನ ಅವಳಿಯೂ ಇದ್ದಳು. ಅದೇ ಬಣ್ಣ, ಅದೇ ತೂಕ, ನನ್ನಂತೆಯೇ ಮುಖ ಬೆಚ್ಚಗಾಗುವ ಏರ್ಪಾಡು. ದನಿ ಮಾತ್ರ ಇರಲಿಲ್ಲ. ಬೇಕೆಂದೇ ಅವಳನ್ನು ಮೂಕಿಯಾಗಿ ಮಾಡಿದ್ದರು. ಯಾಕೆಂದು ಹುಬ್ಬಳ್ಳಿಗೆ ಬಂದ ಮೇಲೆ ತಿಳಿಯಿತು.

ಅಲ್ಲಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಡಾಕ್ಟರ್ ಸುಮಂಗಲಾ ಅಂಗಡಿ ಎಂಬ ಹೃದಯತಜ್ಞೆ ನಮ್ಮನ್ನು ತರಿಸಿಕೊಂಡಿದ್ದರು. ಜ್ವರ ಬಂದು ಹೋದ ಮೇಲೆ ಕೆಲವರ ಹೃದಯದ ಸ್ನಾಯು ಊದಿಕೊಳ್ಳುತ್ತದೆ. ಜ್ವರದ ವೈರಸ್ಸಿನೊಡನೆ ಹೋರಾಡಲು ಹೊರಟ ದೇಹದ ಕಾವಲು ಕಣಗಳು ಹೃದಯದ ಮೇಲೆಯೇ ಬೀಳುತ್ತವೆ. ಆ ಕಣಗಳ ದೊಡ್ಡ ದಂಡು ಎಡ ಪಕ್ಕೆಲುಬಿನ ಕೆಳಗಿರುವ ಗುಲ್ಮವೆಂಬ ಅಂಗದಲ್ಲಿ ತಂಗಿರುತ್ತದೆ. ಗುಲ್ಮದ ನರಗಳನ್ನು ಹೊರಗಿನಿಂದಲೇ, ಸೂಜಿಯಿಲ್ಲದೆ ಕತ್ತರಿಯಿಲ್ಲದೆ, ನನ್ನ ದನಿಯಿಂದ ಮೆಲ್ಲಗೆ ತಟ್ಟಿದರೆ ದಂಡು ಶಾಂತವಾದೀತೇ? ಇದು ಡಾಕ್ಟರರ ಪ್ರಶ್ನೆ. ಕೆಲವರಿಗೆ ನಾನು, ಹೋಲಿಸಿ ನೋಡಲು ಕೆಲವರಿಗೆ ನನ್ನ ಮೂಕ ಅವಳಿ. ಯಾರಿಗೆ ಯಾರು ಎಂಬುದು ಡಾಕ್ಟರರಿಗೂ ತಿಳಿಯುತ್ತಿರಲಿಲ್ಲ. ಆದರೆ ಹೀಗೆ ಮಾಡುತ್ತೇವೆಂದು ಪ್ರತಿಯೊಬ್ಬರಿಗೂ ಮೊದಲೇ ಹೇಳಿ, ಒಪ್ಪಿಗೆ ಪಡೆಯುತ್ತಿದ್ದರು. ನನ್ನ ಅವಳಿಯ ಮೌನದಲ್ಲಿ ಮೋಸವಿರಲಿಲ್ಲ.

ಸುವರ್ಣಾ ಬಡಿಗೇರ ನನ್ನ ಪಾಲಿಗೆ ಬಂದಳು. ಸಿಟಿ ಬಸ್ಸಿನ ಕಂಡಕ್ಟರ್. ಖಾಕಿ ಅಂಗಿಯಲ್ಲೇ ಬಂದಿದ್ದಳು, ಬಸ್ಸಿನ ಮೆಟ್ಟಿಲು ಹತ್ತಿದರೆ ಸಾಕು ಉಸಿರು ಸಿಕ್ಕಿಕೊಳ್ಳುತ್ತಿತ್ತು. ನನ್ನನ್ನು ಎಡ ಮಗ್ಗುಲಿಗೆ ಹಿಡಿದಾಗ ಅವಳು ತಲೆಯೆತ್ತಿ ನೋಡಿದಳು.

"ಡಾಕ್ಟರ್ ಬಾಯಾರ, ನನ್ನ ಹೃದಯ ಮ್ಯಾಲೈತ್ರಿ. ನೀವು ಹೊಟ್ಟಿ ಮಗ್ಗಲಕ್ಕ ಹಿಡದೀರಿ."

ಡಾಕ್ಟರರು ನಕ್ಕು, ಕಾವಲು ಕಣಗಳ ಕಥೆಯನ್ನು ಹೇಳಿದರು.

"ಅಂದ್ರ ಇದು ಡಿಪೋ ಅನ್ರಿ," ಎಂದಳು ಸುವರ್ಣಾ. "ರಸ್ತೇದಾಗ ಎಷ್ಟ್ ಒದರಿದ್ರೂ ಉಪಯೋಗಿಲ್ಲ. ಗಾಡಿ ಬಿಡೂದು ಇಲ್ಲಿಂದ."

"ಹೌದವಾ. ಆದ್ರ ಗುಳಿಗಿ ಬಿಡೂಹಂಗಿಲ್ಲ. ಇದಿನ್ನೂ ಔಷಧ ಅಲ್ಲ, ಔಷಧ ಆದೀತೇನು ಅಂತ ಕೇಳಾಕತ್ತೀವಿ, ಅಷ್ಟ."

ಆ ಕೋಣೆಯ ಆಯಾ ಮಾಬೂಬಿ. ಮೈಗೆ ಹಚ್ಚುವ ಜೆಲ್ ಮಂಜಿನಂತೆ ತಣ್ಣಗಿರುತ್ತದೆ, ಹಚ್ಚಿದ ಕೂಡಲೇ ರೋಗಿಗಳು ಬೆಚ್ಚಿಬೀಳುತ್ತಾರೆ. ಅದನ್ನು ಕಂಡು ಮಾಬೂಬಿ ಯಾರೂ ಹೇಳದೆಯೇ ಜೆಲ್ಲಿನ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಡತೊಡಗಿದಳು. ತನ್ನ ಮೊಣಕೈಗೆ ಒಂದು ಹನಿ ಹಚ್ಚಿಕೊಂಡು, ಹದ ನೋಡಿ, ಆಮೇಲೆ ಕೊಡುವಳು. ಕೆಲಸ ಮುಗಿದ ಮೇಲೆ ಮೆತ್ತನೆಯ ಹತ್ತಿಬಟ್ಟೆಯಿಂದ ನನ್ನ ಮುಖ ಒರೆಸುವಳು, ಕೂಸಿನ ಬಾಯಿ ಒರೆಸಿದ ಹಾಗೆ. ನನ್ನನ್ನು ಒರೆಸದೆ ಅವಳು ಒಂದು ದಿನವೂ ಮನೆಗೆ ಹೋದವಳಲ್ಲ.

ಸುವರ್ಣಾ ಚೇತರಿಸಿಕೊಂಡು ಬಸ್ಸಿಗೆ ಮರಳಿದಳು. ನನ್ನಿಂದಲೋ, ಗುಳಿಗೆಯಿಂದಲೋ, ವಿಶ್ರಾಂತಿಯಿಂದಲೋ, ನಾನು ಹೇಳಲಾರೆ. ಹೇಳಲು ಇನ್ನೂ ಬಹಳ ಜನರ ಮೇಲೆ ನೋಡಬೇಕು ಎಂದು ಡಾಕ್ಟರರೂ ಹೇಳಿದರು. ಅದಕ್ಕಾಗಿ ಅವರು ಹೊಸ ಯಂತ್ರಗಳಿರುವ ಬೇರೆ ಊರಿಗೆ ಹೋದರು. ಅವಳಿಯನ್ನು ಬಿಚ್ಚಿ ಪರೀಕ್ಷಿಸಲು ಕಾರ್ಖಾನೆಯವರು ಒಯ್ದರು. ನಾನು ನನ್ನ ಯಂತ್ರದ ಸಮೇತ ಹಳೆಯ ಕುರ್ಚಿಗಳ ಜೊತೆ ಹರಾಜಿಗೆ ಬಿದ್ದೆ.

ಕೊಂಡವನ ಹೆಸರು ಪ್ರಮೋದ. ಹಿಂದೆ ಆಸ್ಪತ್ರೆಯ ಮಂಚ, ತಕ್ಕಡಿ ಮಾರುತ್ತಿದ್ದವನು. ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೇಂದ್ರ ತೆರೆದ. ರಸ್ತೆಯ ಕಡೆಗೆ ಕೆಂಪು ಹೃದಯ ಬಿಡಿಸಿ 'ಎದೆಗೆ ಧ್ವನಿತರಂಗ ಚಿಕಿತ್ಸೆ' ಎಂದು ಬರೆಸಿದ ದೊಡ್ಡ ಬೋರ್ಡು, ಒಳಗೆ ಊದಿನಕಡ್ಡಿಯ ಹೊಗೆ, ಸಣ್ಣಗೆ ಕೊಳಲಿನ ಧ್ವನಿಮುದ್ರಿಕೆ. ಕಾಲೇಜಿನ ಕೆಲಸ ಮುಗಿದು ಮನೆಯಲ್ಲಿದ್ದ ಮಾಬೂಬಿಯನ್ನೂ ಕರೆಸಿಕೊಂಡ. ಬಿಳಿ ಕೋಟು ಹಾಕಿಕೊಂಡು ತಾನೇ ನನ್ನನ್ನು ಹಿಡಿದ. ಅವನ ಅಂಗೈಯ ಅತ್ತರಿನ ಜಿಡ್ಡು ನನ್ನ ಮೈಗೆ ಅಂಟಿತು. ಅಂದೇ ನನಗೆ ಮೊದಲ ಸಲ ಹೇಸಿಗೆ ಎಂದರೇನೆಂದು ತಿಳಿದದ್ದು.

ಮೊದಲ ಗಿರಾಕಿ ಒಬ್ಬರು ಧಾನ್ಯದ ವರ್ತಕರು. ಪ್ರಮೋದ ನನ್ನನ್ನು ಮಗ್ಗುಲಿಗೆ ಹಿಡಿದದ್ದೇ ತಡ, ಅವರು ಸಿಡುಕಿದರು. "ಏನ್ರೀ, ಎದಿಗೆ ಅಂತ ಬೋರ್ಡ್ ಹಾಕಿ ಹೊಟ್ಟಿ ಉಜ್ಜಾಕತ್ತೀರಿ?"

ಪ್ರಮೋದ ಕೂಡಲೇ ನನ್ನನ್ನು ಎದೆಯ ಮೇಲಕ್ಕೆ ಸರಿಸಿದ. ವರ್ತಕರ ಮುಖ ಅರಳಿತು. "ಹಾಂ, ಈಗ ಹತ್ತಿತು ನೋಡ್ರಿ!" ಎಂದರು. ಅಂದಿನಿಂದ ನಾನು ಎದೆಯ ಮೇಲೆಯೇ ಉಳಿದೆ. ಪಕ್ಕೆಲುಬಿಗೆ ಬಡಿದು ನನ್ನ ದನಿ ಎತ್ತೆತ್ತಲೋ ಚದುರುತ್ತಿತ್ತು. ಗುಲ್ಮ ಕೆಳಗೆ, ತನ್ನ ಪಾಡಿಗೆ ತಾನು ಇತ್ತು.

ಆಮೇಲೆ ಆಯುಧಪೂಜೆ ಬಂತು. ನನ್ನನ್ನು ಯಂತ್ರದ ಮೇಲೆ ಕೂರಿಸಿ, ನನ್ನ ರಬ್ಬರಿನ ಮುಖದ ಮೇಲೆ ವಿಭೂತಿಯ ಮೂರು ಪಟ್ಟೆ ಎಳೆದು, ನಡುವೆ ಕುಂಕುಮ ಒತ್ತಿದರು. ಪೂಜೆಯನ್ನು ನಾನು ಹಳಿಯುವುದಿಲ್ಲ. ಕಾಲೇಜಿನಲ್ಲೂ ಪೂಜೆ ಆಗುತ್ತಿತ್ತು, ಆದರೆ ಡಾಕ್ಟರರು ಹೂವನ್ನು ಯಂತ್ರದ ಚಕ್ರದ ಬಳಿ ಇಡಿಸುತ್ತಿದ್ದರು. ಇಲ್ಲಿ ಲಾರಿಗೆ ಮಾಡುವಂತೆ ತೆಂಗಿನಕಾಯಿ ಒಡೆದು ನೀರನ್ನು ನನ್ನ ಮೇಲೆಯೇ ಸುರಿದರು. ಮರುದಿನ ಕುಂಕುಮದ ಕಲೆ ಹೋಗಲಿಲ್ಲವೆಂದು ಪ್ರಮೋದ ಸ್ಪಿರಿಟ್ ಹಾಕಿ, ಪಾತ್ರೆ ತಿಕ್ಕುವ ನಾರಿನಿಂದ ಉಜ್ಜಿದ. ರಬ್ಬರು ಬಿರುಕುಬಿಟ್ಟಿತು. ಒಳಗೆ ನೀರಿಳಿಯಿತು. ಸ್ವಿಚ್ ಹಾಕಿದಾಗ ಹರಳುಗಳು ಮಿಸುಕಲಿಲ್ಲ.

ನನ್ನ ದನಿ ಸತ್ತಿತ್ತು. ಯಂತ್ರದ ಪರದೆಯಲ್ಲಿ ಕೆಂಪು ಅಕ್ಷರಗಳಲ್ಲಿ ಎಚ್ಚರಿಕೆ ಬಂತು. ಪ್ರಮೋದ ಅದನ್ನು ಓದಿದ. ಓದಿ, ಅದರ ಮೇಲೆ ದೇವರ ಸ್ಟಿಕ್ಕರೊಂದನ್ನು ಅಂಟಿಸಿದ. ಪಕ್ಕದ ಹಸಿರು ದೀಪ ಉರಿಯುತ್ತಿತ್ತು. ಅವನಿಗೆ ಅಷ್ಟು ಸಾಕಾಗಿತ್ತು.

ಜನ ಬಂದರು. ಊದಿನಕಡ್ಡಿ ಉರಿಯಿತು, ಕೊಳಲು ನುಡಿಯಿತು. ನಾನು ಎದೆಯಿಂದ ಎದೆಗೆ ಜಾರುತ್ತಿದ್ದೆ, ಸತ್ತ ಮೀನಿನ ಹಾಗೆ. ಬೆವರು, ಜೆಲ್ಲು, ಅತ್ತರು ಬಿರುಕಿನೊಳಗೆ ಸೇರಿ ಕೊಳೆತು ನಾರುತ್ತಿದ್ದವು. ಅದಕ್ಕಿಂತ ಹೆಚ್ಚು ಅಸಹ್ಯವಾಗುತ್ತಿದ್ದುದು, ಎದ್ದು ಹೋಗುವಾಗ ಜನ ನನಗೆ ಕೈಮುಗಿಯುತ್ತಿದ್ದುದು.

ಹೀಗಿರುವಾಗ ಒಂದು ಮಧ್ಯಾಹ್ನ ಸುವರ್ಣಾ ಬಂದಳು. ಮತ್ತೆ ಜ್ವರ ಬಂದು, ಹೃದಯ ಮತ್ತೆ ಊದಿಕೊಂಡಿತ್ತಂತೆ. ದವಾಖಾನೆಯವರು ಗುಳಿಗೆ ಕೊಟ್ಟಿದ್ದರು. ಬಸ್ಸಿನಿಂದ ಬೋರ್ಡು ಕಂಡು, ಹಳೆಯ ನಂಬಿಕೆಯಿಂದ ಮಹಡಿ ಹತ್ತಿದ್ದಳು. ಬಾಗಿಲಲ್ಲೇ ಗೋಡೆ ಹಿಡಿದು ನಿಂತಳು. ಪಾದ ಊದಿ ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತಿತ್ತು.

"ಮಾಬೂಬಕ್ಕಾ! ನೀವೂ ಇಲ್ಲೇ ಇದ್ದೀರಿ? ಹಂಗಾದ್ರ ನಾ ಬದುಕಿದೆ ಬಿಡ್ರಿ."

ಮಾಬೂಬಿ ಅವಳಿಗೆ ನೀರು ಕೊಟ್ಟು, ಬಗ್ಗಿ ಚಪ್ಪಲಿ ಬಿಚ್ಚಿದಳು.

"ಆ ಗುಳಿಗಿ ಬಂದ್ ಮಾಡ್ರಿ," ಎಂದ ಪ್ರಮೋದ. "ಗುಳಿಗಿ ಒಳಗಿದ್ರ ತರಂಗ ಹಿಡಿಯೂದಿಲ್ಲ."

ಸುವರ್ಣಾ ಹೂಂ ಎಂದು ತಲೆಯಾಡಿಸಿದಳು. ಆ ಹೂಂ ಕೇಳಿ ನಾನು ನಡುಗಬೇಕಿತ್ತು. ನಡುಗಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ನನ್ನನ್ನು ಎದೆಗೆ ಇಟ್ಟಾಗ ಅವಳು ಹುಬ್ಬು ಗಂಟಿಕ್ಕಿದಳು. "ಆವಾಗ ಡಿಪೋಕ್ಕ ಇಡ್ತಿದ್ರು. ಮತ್ತ ಇದು ಬೆಚ್ಚಗಾಗ್ತಿತ್ತು. ಈಗ ಆಗವಲ್ದು."

"ಇದು ಹೊಸ ಪದ್ಧತಿ, ಸುಮ್ನ ಮಲಗ್ರಿ. ನಾಳೆ ಬರ್ರಿ, ಬೆಚ್ಚಗ ಆಗತೈತಿ."

ಅವಳು ಮೆಟ್ಟಿಲಿಳಿದ ಮೇಲೆ ಪ್ರಮೋದ ಮಾಬೂಬಿಯ ಕಡೆಗೆ ತಿರುಗಿದ. "ಏ ಮಾಬೂಬಿ, ನಾಳೆಯಿಂದ ಜೆಲ್ ಇನ್ನಷ್ಟು ಬಿಸಿ ಮಾಡು. ಅದು ಕೆಟ್ಟು ಎಷ್ಟ್ ದಿನಾತು. ಜನಕ್ಕ ನಡದೈತಿ ಅನಸ್ಬೇಕಲ್ಲ. ನಿನ್ನ ಬಿಸಿನೀರಿನ ಮ್ಯಾಲ ನಮ್ಮ ಅಂಗಡಿ ನಿಂತೈತಿ ನೋಡು!" ಎಂದು ನಕ್ಕ.

ಮಾಬೂಬಿಯ ಕೈಯಲ್ಲಿ ನನ್ನನ್ನು ಒರೆಸುವ ಬಟ್ಟೆಯಿತ್ತು. ಅವಳ ಕೈ ಅಲ್ಲೇ ನಿಂತಿತು. ಯಾರೂ ಬೆಚ್ಚಬಾರದೆಂದು ಅವಳು ಕಾಯಿಸಿದ ಬಿಸಿ ಅದು. ಅದನ್ನೇ ಇವನು ಸುಳ್ಳಿನ ಬಾಯಿಗೆ ಹಾಕಿದ್ದ. ನನ್ನ ಬಿರುಕಿನ ಹೊಲಸು, ಅತ್ತರು, ಹೊಗೆ, ಯಾವುದೂ ನನಗೆ ಅಷ್ಟು ಅಸಹ್ಯ ಹುಟ್ಟಿಸಿರಲಿಲ್ಲ.

ಮರುದಿನ ಸುವರ್ಣಾ ಬಂದು ಮಲಗಿದಳು. ಪ್ರಮೋದ ಹೊರಗಿನ ಕೋಣೆಯಲ್ಲಿ ಫೋನಿನಲ್ಲಿದ್ದ. ಮಾಬೂಬಿ ಬಿಸಿನೀರಿನ ಪಾತ್ರೆಯನ್ನು ಮೋರಿಗೆ ಚೆಲ್ಲಿದಳು. ಜೆಲ್ಲಿನ ಬಾಟಲಿಯನ್ನು ಏಸಿಯ ಗಾಳಿಗೆ ಇಟ್ಟಿದ್ದಳು. ಅದನ್ನು ತಂದು ನನ್ನ ಮುಖಕ್ಕೆ ಧಾರಾಳವಾಗಿ ಸುರಿದು, ನನ್ನನ್ನು ಸುವರ್ಣಾಳ ಎದೆಗೆ ಒತ್ತಿದಳು.

"ಅಯ್ಯಯ್ಯ! ಹಿಮ ಆಗೇತಲ್ರೀ ಅಕ್ಕಾ!"

"ಥಣ್ಣಗೈತಿ, ಹೌದಿಲ್ಲೋ? ಒಳಗೂ ಹಿಂಗ ಐತಿ. ಇದು ಸತ್ತು ಬಾಳ ದಿನಾತಂತ. ಏಳ್ ತಂಗಿ. ಗುಳಿಗಿ ತಗೊಂಡಿಯೇನು ಇವತ್ತ?"

"ಇಲ್ಲ. ಅವ್ರು ಬಂದ್ ಮಾಡಂದ್ರಲ್ಲ..."

"ಏಳು, ಏಳು. ದೊಡ್ಡ ದವಾಖಾನಿಗೆ ಹೋಗೂಣು."

ಪ್ರಮೋದ ಒಳಗೆ ಬಂದ. "ಎಲ್ಲಿಗೆ ಹೊಂಟಿ? ಹೋದ್ರ ತಿರುಗಿ ಬರಬ್ಯಾಡ!"

"ಬರೂದಿಲ್ರಿ," ಎಂದಳು ಮಾಬೂಬಿ. ಸುವರ್ಣಾಳ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡು, ಒಂದೊಂದೇ ಮೆಟ್ಟಿಲು ಇಳಿಸಿದಳು. ಕೆಳಗೆ ಆಟೋ ಹೊರಟ ಸದ್ದು ಕೇಳಿಸಿತು.

ಮುಂದಿನ ಸುದ್ದಿ ನನಗೆ ತಿಳಿದದ್ದು ಮಾಬೂಬಿ ತನ್ನ ಪಾತ್ರೆ ಕೇಳಲು ಬಂದಾಗ. ಕೋಣೆ ಖಾಲಿ ಮಾಡುತ್ತಿದ್ದ ಬಟ್ಟೆ ಅಂಗಡಿಯವನಿಗೆ ಬಾಗಿಲಲ್ಲಿ ನಿಂತೇ ಹೇಳಿದಳು. ಸುವರ್ಣಾ ಬದುಕಿದ್ದಾಳೆ. ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತಂತೆ. ಆದರೆ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿಯುವ ಕೆಲಸ ಇನ್ನಿಲ್ಲ. ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ. "ಡಿಪೋ ಡಿಪೋ ಅಂತಿದ್ದೆ, ಕಡೀಕ ಅಲ್ಲೇ ಕುಂತೆ" ಎಂದು ನಗುತ್ತಾಳಂತೆ.

ಪ್ರಮೋದ ಅಷ್ಟರಲ್ಲಿ ನನ್ನನ್ನು ಅಲ್ಲೇ ಬಿಟ್ಟು, ಬೋರ್ಡು ಬಿಚ್ಚಿಕೊಂಡು ಬೇರೆ ಊರಿಗೆ ಹೋಗಿದ್ದ. ಅಲ್ಲಿ ಮಂಡಿನೋವಿಗೆ ಕೇಂದ್ರ ತೆರೆದಿದ್ದಾನೆಂದು ಕೇಳಿದೆ. ಅಲ್ಲಿಯೂ ಹಸಿರು ದೀಪ ಉರಿಯುತ್ತಿರಬೇಕು.

ಈಗ ನಾನು ಗುಜರಿ ಅಂಗಡಿಯ ಒಂದು ಡಬ್ಬದಲ್ಲಿದ್ದೇನೆ. ತಾಮ್ರಕ್ಕಾಗಿ ನನ್ನ ವೈರನ್ನು ಕತ್ತರಿಸಿಕೊಂಡರು. ಡಾಕ್ಟರ್ ಸುಮಂಗಲಾ ಎಲ್ಲೋ ಇನ್ನೂ ಅದೇ ಪ್ರಶ್ನೆ ಕೇಳುತ್ತಿದ್ದಾರೆ ಎಂದುಕೊಳ್ಳುತ್ತೇನೆ. ಉತ್ತರ ಹೌದೋ ಅಲ್ಲವೋ, ಅವರು ಅದನ್ನು ಇದ್ದ ಹಾಗೆಯೇ ಹೇಳುತ್ತಾರೆ. ಅಷ್ಟು ನನಗೆ ಗೊತ್ತು.

ನನ್ನ ಮುಖದ ಬಿರುಕಿನಲ್ಲಿ ಇನ್ನೂ ಕುಂಕುಮವಿದೆ. ಅದರ ಮೇಲೆ ಆ ಕೊನೆಯ ದಿನದ ಜೆಲ್ ಹಕ್ಕಳೆಗಟ್ಟಿ ಒಣಗಿದೆ. ನನ್ನನ್ನು ಒರೆಸದೆ ಮಾಬೂಬಿ ಹೋದದ್ದು ಅದೊಂದೇ ದಿನ. ಅವಳ ಕೈ ಬೇರೊಬ್ಬಳನ್ನು ಹಿಡಿದಿತ್ತು.