ಚಾಮುಂಡೇಶ್ವರಿ ದೀಪ ನೋಡಿದ್ದು

ಧರಣಿಯ ಐದು ವರ್ಷದ ಸಂಶೋಧನೆ ಒಂದು ಪೆನ್‌ಡ್ರೈವಿನಲ್ಲಿತ್ತು. ಸಂಜೆ ಐದರೊಳಗೆ ಆ ಪ್ರಬಂಧ ವಿಶ್ವವಿದ್ಯಾಲಯದ ಪೋರ್ಟಲ್ ಸೇರದಿದ್ದರೆ ಅವಳ ನೋಂದಣಿಯೇ ರದ್ದು. ಪೋರ್ಟಲ್ಲೋ ಮಹಾ ಮಡಿವಂತ. ಕ್ಯಾಂಪಸ್ಸಿನ ನೆಟ್‌ವರ್ಕಿನಿಂದ ಬಂದವರಿಗೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಮೊಬೈಲಿನ ನೆಟ್ಟನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ವಿಜಯದಶಮಿಯ ಮಾರನೆಯ ದಿನವಾದ್ದರಿಂದ ಬೇರೆ ವಿಭಾಗಗಳಿಗೆಲ್ಲ ಬೀಗ. ತೆರೆದಿದ್ದ ಇತಿಹಾಸ ವಿಭಾಗದಲ್ಲಿ, ಅವಳ ಕಂಪ್ಯೂಟರಿಗೆ ಬೆಳಿಗ್ಗೆಯಿಂದ ನೆಟ್‌ವರ್ಕೇ ಸಿಕ್ಕಿರಲಿಲ್ಲ. ಗಂಟೆ ಮೂರೂವರೆ ಆಗಿತ್ತು.

"ಸರ್ವರ್ ಡೌನು ಕಣಮ್ಮ," ಎಂದು ಕಚೇರಿಯ ಸೂಪರಿಂಟೆಂಡೆಂಟ್ ನಂಜುಂಡಸ್ವಾಮಿ ಪತ್ರಿಕೆಯ ಹಿಂದಿನಿಂದಲೇ ತೀರ್ಪು ಕೊಟ್ಟರು. ಅವರ ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಫೈಲು ಸಿಗದಿದ್ದರೆ ಹಿಂದಿನ ಗುಮಾಸ್ತ ಕಾರಣ, ಮಿಕ್ಕಿದ್ದೇನು ಕೆಟ್ಟರೂ ಸರ್ವರ್ ಕಾರಣ.

ಧರಣಿ ಕಂಪ್ಯೂಟರ್ ಕೇಂದ್ರಕ್ಕೆ ನಾಲ್ಕು ಸಲ ಫೋನು ಮಾಡಿದ ಮೇಲೆ ಬಂದವಳು ಚಾಮುಂಡೇಶ್ವರಿ. ಕುಂಬಾರಕೊಪ್ಪಲಿನವಳು, ಗುತ್ತಿಗೆ ನೌಕರಿ. ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದರಲ್ಲಿ ಒಂದು ದೊಡ್ಡ ಚೀಲ. ಬಂದವಳು ಕಂಪ್ಯೂಟರನ್ನು ಮುಟ್ಟಲೇ ಇಲ್ಲ.

"ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದ್ರಿ ಮೇಡಂ?"

"ಎರಡ್ಸಲ."

ಚಾಮುಂಡೇಶ್ವರಿ ಹುಬ್ಬೇರಿಸಿದಳು.

"ಒಂಬತ್ತು," ಎಂದಳು ಧರಣಿ. "ವೈರಿನ ತುದೀನೂ ದುಪಟ್ಟಾದಲ್ಲಿ ಒರೆಸ್ದೆ."

"ಒಳ್ಳೇದು. ಕ್ಲೀನಾಗಿರ್ತದೆ."

ಅವಳು ಚೀಲದಿಂದ ತನ್ನ ಲ್ಯಾಪ್‌ಟಾಪ್ ತೆಗೆದು, ಅದೇ ವೈರನ್ನು ಅದಕ್ಕೆ ಸಿಕ್ಕಿಸಿದಳು. ಅದಕ್ಕೂ ನೆಟ್‌ವರ್ಕ್ ಸಿಗಲಿಲ್ಲ. "ನಿಮ್ಮ ಕಂಪ್ಯೂಟರ್ ಆರೋಗ್ಯವಾಗಿದೆ ಬುಡಿ. ಅದನ್ನ ಇನ್ನು ಹಿಂಸೆ ಮಾಡ್ಬೇಡಿ," ಎಂದು ಕಚೇರಿಯ ಕೋಣೆಗೆ ನಡೆದಳು.

"ಸಾರ್, ನಿಮ್ದು ನೆಟ್ಟು ಬರ್ತಿದ್ಯಾ?"

"ನಮ್ದು ಫಸ್ಟ್ ಕ್ಲಾಸು!"

ಚಾಮುಂಡೇಶ್ವರಿ ಮೌಸನ್ನು ಒಂದಿಷ್ಟು ಅಲ್ಲಾಡಿಸಿದಳು. ಪರದೆ ಬೆಳಗಿತು. ಸಂಪರ್ಕವಿಲ್ಲ ಎಂಬ ಸೂಚನೆ ಅಲ್ಲಿ ಬೆಳಿಗ್ಗೆಯಿಂದ ಓದುವವರಿಲ್ಲದೆ ಕಾದು ಕುಳಿತಿತ್ತು. ನಂಜುಂಡಸ್ವಾಮಿ ಪತ್ರಿಕೆಯ ಪುಟ ತಿರುಗಿಸಿದರು.

"ಹಂಗಾದ್ರೆ ಇಡೀ ಮಹಡಿಗೇ ಇಲ್ಲ," ಎಂದಳು ಅವಳು, ತನಗೆ ತಾನೇ. ಆಮೇಲೆ ಯಾರನ್ನೂ ಉದ್ದೇಶಿಸದೆ, "ಹಬ್ಬ ಇಲ್ಲಿ ಹೆಂಗಾಯ್ತು?" ಎಂದು ಕೇಳಿದಳು.

ಗಡಿಯಾರ ಐದರ ಕಡೆ ಓಡುತ್ತಿರುವಾಗ ಈ ಹೆಂಗಸು ಹಬ್ಬದ ಕ್ಷೇಮಸಮಾಚಾರ ಕೇಳುತ್ತಿದ್ದಾಳಲ್ಲ ಎಂದು ಧರಣಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆದರೆ ವಿಭಾಗದ ಅಟೆಂಡರ್ ಹುಚ್ಚಣ್ಣ ಅರಳಿದರು.

"ಭರ್ಜರಿ ಕಣವ್ವ! ಆಯುಧಪೂಜೆಗೆ ಒಂದು ಕಸ ಉಳಿಸಲಿಲ್ಲ ನಾನು. ಬೀರು, ಟೇಬಲ್ಲು, ಆ ದೀಪದ ಪೆಟ್ಟಿಗೆ, ಎಲ್ಲಾನೂ ಒರೆಸಿ ಕುಂಕುಮ ಇಟ್ಟೆ."

"ದೀಪದ ಪೆಟ್ಟಿಗೆ ಎಲ್ಲಿ ಅಣ್ಣ?"

ಬೀರುವಿನ ತಲೆಯ ಮೇಲಿತ್ತು. ಮಹಡಿಯ ನೆಟ್‌ವರ್ಕ್ ವೈರುಗಳೆಲ್ಲ ಬಂದು ಸೇರುವ ಸ್ವಿಚ್ ಅದು. ಹಣೆಯ ಮೇಲೆ ವಿಭೂತಿ, ಕುಂಕುಮ. ಮೇಲೆ ಬಾಡಿದ ಸೇವಂತಿಗೆ. ಚಾಮುಂಡೇಶ್ವರಿ ಸ್ಟೂಲು ಹತ್ತಿ, ಹೂವನ್ನು ಎರಡೂ ಕೈಯಲ್ಲಿ ಎತ್ತಿ ಹುಚ್ಚಣ್ಣನವರ ಕೈಗೆ ಕೊಟ್ಟು, ಪುಟ್ಟ ಹಸಿರು ದೀಪಗಳನ್ನೇ ನೋಡುತ್ತ ನಿಂತಳು. ಒಂದು ನಿಮಿಷ ನೋಡಿದಳು. ಶಾಸನದ ಕಲ್ಲನ್ನು ಓದುವುದಕ್ಕೆ ಮುಂಚೆ ಅದರ ಮುಂದೆ ಸುಮ್ಮನೆ ನಿಲ್ಲಬೇಕು ಎಂದು ಧರಣಿಯ ಗುರುಗಳು ಮಹದೇವಯ್ಯ ಹೇಳುತ್ತಿದ್ದರು. ಐದು ವರ್ಷದಲ್ಲಿ ಧರಣಿಗೆ ಅದು ಪೂರ್ತಿ ಒಲಿದಿರಲಿಲ್ಲ. ಇಲ್ಲೊಬ್ಬಳು ಸ್ಟೂಲಿನ ಮೇಲೆ ಅದನ್ನೇ ಮಾಡುತ್ತಿದ್ದಳು.

"ನೋಡಿ ಮೇಡಂ. ಒಂದೊಂದು ದೀಪ ಒಂದೊಂದು ಥರ ಮಿಟುಕಿದ್ರೆ ಕೆಲ್ಸ ನಡೀತಿದೆ ಅಂತ. ಇಲ್ಲಿ ಎಲ್ಲಾವೂ ಒಂದೇ ತಾಳಕ್ಕೆ ಕುಣೀತಿದಾವೆ."

ಅವಳ ಬೆರಳು ವೈರುಗಳ ಗೋಜಲಿನೊಳಗೆ ಇಳಿದು, ಒಂದು ನೀಲಿ ವೈರನ್ನು ಹಿಡಿದು, ಅದರ ಜಾಡಿನಲ್ಲೇ ಬೀರುವಿನ ಹಿಂದಕ್ಕೆ ಹೋಗಿ, ಸುತ್ತಿ ಬಳಸಿ ಅದೇ ಪೆಟ್ಟಿಗೆಗೆ ವಾಪಸು ಬಂತು.

"ಇದರ ಎರಡೂ ತುದಿ ಇದೇ ಪೆಟ್ಟಿಗೇಲಿ. ಆಡಿದ ಮಾತು ತಿರುಗಿ ಅದರ ಕಿವಿಗೇ ಬೀಳ್ತದೆ, ಅದನ್ನೇ ಮತ್ತೆ ಕೂಗ್ತದೆ. ಇಷ್ಟು ಗಲಾಟೇಲಿ ನಿಮ್ಮ ಮಾತು ಯಾರಿಗೆ ಕೇಳ್ಸುತ್ತೆ?"

ಹುಚ್ಚಣ್ಣನವರ ಮುಖ ಬಿಳಿಚಿತು. "ಒಂದು ತುದಿ ನೇತಾಡ್ತಿತ್ತು ಕಣವ್ವ. ಪೂಜೆ ದಿನ ಅಂಗೆ ಬುಟ್ರೆ ಚೆಂದಾಗಿರಕಿಲ್ಲ ಅಂತ... ತೂತೊಂದು ಖಾಲಿ ಇತ್ತಲ್ಲ, ಸಿಕ್ಕಿಸ್ಬುಟ್ಟೆ."

ಅವಳು ಆ ತುದಿಯನ್ನು ಎಳೆದಳು, ಟಿಕ್ ಎಂದಿತು. ದೀಪಗಳು ಒಮ್ಮೆ ತಡವರಿಸಿ, ಆಮೇಲೆ ತಮ್ಮ ತಮ್ಮ ಲಯಕ್ಕೆ ಮರಳಿದವು. ಧರಣಿ ತನ್ನ ಕೋಣೆಗೆ ಓಡಿದಳು. ಪೋರ್ಟಲ್ ಬಾಗಿಲು ತೆರೆದಿತ್ತು. ನಾಲ್ಕು ಇಪ್ಪತ್ತಕ್ಕೆ ಪ್ರಬಂಧ ಮೇಲೇರತೊಡಗಿತು.

ಆ ಕಡೆ ಕೋಣೆಯಿಂದ ನಂಜುಂಡಸ್ವಾಮಿಯವರ ದನಿ ಕೇಳುತ್ತಿತ್ತು. "ಯಾರು ಮಾಡಿದ್ದು ಅಂತ ರಿಜಿಸ್ಟರಲ್ಲಿ ಬರೀಮ್ಮ. ಮೆಮೋ ಕೊಡ್ಬೇಕಾಗ್ತದೆ."

"ಬರೀತೀನಿ ಸಾರ್. ಆಫೀಸಿನ ಕಂಪ್ಯೂಟರೂ ಬೆಳಿಗ್ಗೆಯಿಂದ ಕೆಟ್ಟಿತ್ತು, ಇಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ ಅಂತಾನೂ ಬರೀಲಾ?"

ಪತ್ರಿಕೆ ಮಡಚಿದ ಸದ್ದಾಯಿತು.

"ಹೋಗ್ಲಿ ಬುಡಮ್ಮ. ಹಬ್ಬ ಅಂದ್ಮೇಲೆ ಆಗ್ತದೆ."

ನಾಲ್ಕು ನಲವತ್ತಕ್ಕೆ ಸ್ವೀಕೃತಿ ಬಂತು. ಧರಣಿ ಹೊರಗೆ ಓಡಿ ಬಂದಾಗ ಚಾಮುಂಡೇಶ್ವರಿ ಹೋಗಿಯಾಗಿತ್ತು. ಬಾಕಿ ಇನ್ನೂ ಮೂರು ದೂರು ಇದ್ದವಂತೆ. ಹುಚ್ಚಣ್ಣ ಮಾತ್ರ ಬಾಡಿದ ಹೂವನ್ನು ಕೈಯಲ್ಲೇ ಹಿಡಿದು, "ಬಯ್ಯನೇ ಇಲ್ಲ ನೋಡವ್ವ ಆ ತಾಯಿ," ಎಂದರು.

ಧರಣಿ ಮರಳಿ ಕುಳಿತು ಪೋರ್ಟಲಿನಲ್ಲಿ ಪ್ರಬಂಧದ ಕೃತಜ್ಞತೆಯ ಪುಟ ತೆರೆದಳು. ಮಹದೇವಯ್ಯನವರಿಂದ ಹಿಡಿದು ಜೆರಾಕ್ಸ್ ಅಂಗಡಿಯ ಅಶ್ವತ್ಥನವರೆಗೆ ಹತ್ತೊಂಬತ್ತು ಹೆಸರಿದ್ದವು. ಇಪ್ಪತ್ತನೆಯದಾಗಿ ಚಾಮುಂಡೇಶ್ವರಿಯದನ್ನು ಸೇರಿಸಹೋದರೆ, ಸಲ್ಲಿಸಿದ ಪ್ರಬಂಧದಲ್ಲಿ ಬದಲಾವಣೆಗೆ ಅವಕಾಶವಿಲ್ಲ, ಮೌಖಿಕ ಪರೀಕ್ಷೆಯ ನಂತರ ತಿದ್ದುಪಡಿ ಸಲ್ಲಿಸಬಹುದು ಎಂದು ಪೋರ್ಟಲ್ ತಿಳಿಸಿತು. ಪರೀಕ್ಷಕರು ಏನೇನು ತಪ್ಪು ಹುಡುಕುವರೋ ಯಾರಿಗೆ ಗೊತ್ತು. ಧರಣಿ ಒಂದು ಬಿಳಿ ಹಾಳೆ ತೆಗೆದುಕೊಂಡು ಮೊದಲನೆಯ ತಿದ್ದುಪಡಿಯನ್ನು ತಾನೇ ಬರೆದಿಟ್ಟಳು.